ಊರಿನ ಹೆಸರಿಲ್ಲದ ವಿಳಾಸ

ಸೈನಿಕನಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರು ಇರುವುದಿಲ್ಲ. ಅವನ ಸಂಖ್ಯೆ, ದರ್ಜೆ, ಹೆಸರು, ದಳದ ಹೆಸರು, ಅದರ ಕೆಳಗೆ ‘ಕೇರಾಫ್ 56 ಎಪಿಒ’ ಅಥವಾ ‘ಕೇರಾಫ್ 99 ಎಪಿಒ’, ಅಷ್ಟೇ. ಜೂಜುವಾಡಿಯ ಅಂಚೆಪೆಟ್ಟಿಗೆಗೆ ಹಾಕಿದ ಆ ಲಕೋಟೆ ಕಾಶ್ಮೀರಕ್ಕೆ ಹೋಗುವುದೋ, ಭೂತಾನಕ್ಕೋ, ಆಫ್ರಿಕಾ ಖಂಡದ ನಡುವಿನ ಕಾಂಗೋ ದೇಶಕ್ಕೋ ನಮ್ಮ ಅಂಚೆಯಣ್ಣನಿಗೆ ತಿಳಿಯದು. ದೇಶದೊಳಗಿನ ದರದ ಅಂಚೆಚೀಟಿ ಹಚ್ಚಿದರೆ ಸಾಕು, ಮುಂದಿನ ದಾರಿಯನ್ನು ಸೇನಾ ಅಂಚೆ ಸೇವೆಯವರು ನೋಡಿಕೊಳ್ಳುತ್ತಾರೆ. ಮನೆಯ ಯಜಮಾನನಿರುವ ಊರಿನ ಹೆಸರನ್ನು ಅವನ ಮನೆಯವರೇ ಲಕೋಟೆಯ ಮೇಲೆ ಬರೆಯುವಂತಿಲ್ಲ ಎಂಬ ಈ ಸಣ್ಣ ಸಂಗತಿಯಲ್ಲಿಯೇ ಸೈನಿಕ ಕುಟುಂಬದ ಬಾಳಿನ ಅರ್ಧ ಕಥೆ ಅಡಗಿದೆ.

ಈ ವಾರ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಕನ್ನಡ ಮಾಧ್ಯಮ ಶಾಲೆಯ ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳ ತಾಯಿ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಪತಿ ಸೇನೆಯಲ್ಲಿ ಹವಾಲ್ದಾರರು. ಅವರಿಗೆ ಭೂತಾನಕ್ಕೆ ವರ್ಗವಾಗಿದೆ. ಮನೆಯವರನ್ನು ಕರೆದುಕೊಂಡು ಹೋಗಲು ಅವಕಾಶ ದೊರೆಯುವಂತಿದೆ. “ಮಗಳನ್ನು ಜತೆಯಲ್ಲಿ ಒಯ್ಯಲೋ, ಅಜ್ಜಿಯ ಹತ್ತಿರ ಇಲ್ಲಿಯೇ ಬಿಟ್ಟು ಕನ್ನಡದಲ್ಲಿ ಓದಿಸಲೋ?” ಎಂಬುದು ಪ್ರಶ್ನೆ. ಇದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಆದರೆ ಪ್ರಶ್ನೆ ಅವರೊಬ್ಬರದಲ್ಲ.

ಹೊಸೂರು ಸೀಮೆಗೂ ಸೇನೆಗೂ ನಂಟು ಹಳೆಯದು. ಮತ್ತಿಗಿರಿಯ ದನದ ಫಾರಂ ಎಂದು ನಾವು ಕರೆಯುವ ಸ್ಥಳ 1824ರಲ್ಲಿ ಮೊದಲಾದದ್ದು ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವುದಕ್ಕಾಗಿ. ಗಡಿ ದಾಟಿ ಅತ್ತಿಬೆಲೆಯ ಮೂಲಕ ಹೋದರೆ ಹಲಸೂರು ಕೆರೆಯ ಬಳಿ 1780ರಲ್ಲಿ ಹುಟ್ಟಿದ ಮದರಾಸು ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಿಕೊಂಡು ಬೆಳೆದ ನಮ್ಮ ಹುಡುಗರು ಅಲ್ಲಿ ಸೇರಿ ಹಿಂದಿಯನ್ನೂ ಕಲಿತು ನಾಲ್ಕು ಭಾಷೆಯವರಾಗುತ್ತಾರೆ.

ಇನ್ನು ಹೊರದೇಶದ ಸೇವೆಯ ಮಾತು. ನಮ್ಮ ಸೈನಿಕರಿಗೆ ಅದು ಬಹುತೇಕ ಎರಡು ಬಗೆಯದು. ಒಂದು, ವಿಶ್ವಸಂಸ್ಥೆಯ ಶಾಂತಿಪಾಲನೆ: ಕಾಂಗೋ, ದಕ್ಷಿಣ ಸುಡಾನ್, ಲೆಬನಾನ್ ಮೊದಲಾದ ಕಡೆ. ಅಲ್ಲಿಗೆ ದಳದೊಡನೆ ಹೋಗುವ ಜವಾನನ ಮನೆಯವರು ಹೋಗುವಂತಿಲ್ಲ. ಸುಮಾರು ಒಂದು ವರ್ಷ ಅವನು ಅಲ್ಲಿ, ಇವರು ಇಲ್ಲಿ. ಇನ್ನೊಂದು, ನೆರೆಯ ಭೂತಾನ. ಅಲ್ಲಿನ ಸೈನಿಕರಿಗೆ ತರಬೇತಿ ನೀಡುವ ಭಾರತೀಯ ಸೇನಾ ತಂಡ 1962ರಿಂದ ಹಾ ಎಂಬ ಕಣಿವೆಯಲ್ಲಿ ನೆಲೆಸಿದೆ. ರಸ್ತೆ ಕಟ್ಟುವ ‘ದಂತಕ್’ ಯೋಜನೆ ಅದಕ್ಕೂ ಒಂದು ವರ್ಷ ಮೊದಲು, 1961ರಲ್ಲಿ, ಮೊದಲಾಯಿತು. ಅಲ್ಲಿಗೆ ಕುಟುಂಬಗಳೂ ಹೋಗಿ ಸಂಸಾರ ಹೂಡುತ್ತವೆ.

ಹಿಂದಿನವರ ಪಾಡು ಇದಕ್ಕಿಂತ ಕಠಿಣವಾಗಿತ್ತು. ಮೈಸೂರು ಲ್ಯಾನ್ಸರ್ಸ್ ದಳದವರು 1914ರಲ್ಲಿ ಕುದುರೆಗಳೊಡನೆ ಹಡಗೇರಿ ಈಜಿಪ್ಟಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜತೆ ಅವರೂ ಇದ್ದರು. ಆ ಗೆಲುವನ್ನು ಶಾಲೆಯ ಮಕ್ಕಳು ಓದುತ್ತಾರೆ. ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಮನೆಯಲ್ಲಿ ಕಾದವರ ಕಥೆಯನ್ನು ಯಾರೂ ಬರೆದಿಡಲಿಲ್ಲ. ಮಡಿದವರ ನೆನಪಿಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಒಂದು ಸ್ಮಾರಕವಿದೆ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತೋರಿಸಬಹುದು.

ಕೊಡಗಿನ ಜನರಲ್ ತಿಮ್ಮಯ್ಯನವರದು ಇನ್ನೊಂದು ನಿದರ್ಶನ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ದಂಡನಾಯಕನ ಮನೆಯವರಾದರೂ ಸರಿ, ಜವಾನನ ಮನೆಯವರಾದರೂ ಸರಿ, ದೂರದಿಂದ ಸುದ್ದಿ ಬರುವ ಗಳಿಗೆಗೆ ಯಾರೂ ಸಿದ್ಧರಾಗಿರುವುದಿಲ್ಲ.

ಈಗ ಸುದ್ದಿ ಬೇಗ ಬರುತ್ತದೆ; ಅದೇ ಹೊಸ ಸಂಕಟ. 2025ರ ಜನವರಿಯ ಕೊನೆಯ ವಾರದಲ್ಲಿ ಬಂಡುಕೋರರು ಗೋಮಾ ನಗರವನ್ನು ಹಿಡಿದರು. ಅಲ್ಲಿ ನಮ್ಮ ಸೇನೆಯವರು ನಡೆಸುವ ವಿಶ್ವಸಂಸ್ಥೆಯ ಆಸ್ಪತ್ರೆಯೂ ಇದೆ. ಟಿವಿಯಲ್ಲಿ ಹೊಗೆ ಕಾಣುತ್ತದೆ, ಮನೆಯವರಿಗೆ ಫೋನು ಸಿಗುವುದಿಲ್ಲ. ಇಂಥ ಸಮಯದಲ್ಲಿ ನೆರೆಹೊರೆಯವರು ಬಾಗಿಲಿಗೆ ಬಂದು “ನಿಮ್ಮವರು ಅಲ್ಲೇನಾ ಇರೋದು?” ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಬೇಕು. ಕೇಳುವವರ ಮನಸ್ಸಿನಲ್ಲಿ ಕನಿಕರವೇ ಇರುತ್ತದೆ, ಬಲ್ಲೆ. ಆದರೆ ಉತ್ತರ ತಿಳಿಯದವಳನ್ನು ಹತ್ತು ಜನ ಹತ್ತು ಸಲ ಕೇಳಿದರೆ ಅದು ಕನಿಕರವಾಗಿ ಉಳಿಯದು. ಆ ಹೊತ್ತಿನಲ್ಲಿ ಮಕ್ಕಳನ್ನು ಒಂದು ಗಳಿಗೆ ಆಡಲು ಕರೆದುಕೊಂಡು ಹೋದರೆ ಅದು ನಿಜವಾದ ಉಪಕಾರ.

ದಿನನಿತ್ಯದ ಬಾಳು ಗಡಿಯಾರಕ್ಕೆ ಕಟ್ಟಿಬಿದ್ದಿರುತ್ತದೆ. ಗೋಮಾ ನಮಗಿಂತ ಮೂರೂವರೆ ಗಂಟೆ ಹಿಂದೆ. ನಾವು ರಾತ್ರಿ ಎಂಟೂವರೆಗೆ ಊಟಕ್ಕೆ ಕುಳಿತಾಗ ಅಲ್ಲಿ ಸಂಜೆ ಐದು. ತಂದೆ ಕೆಲಸ ಮುಗಿಸಿ ಕರೆ ಮಾಡುವ ವೇಳೆಗೆ ಇಲ್ಲಿ ಸಣ್ಣ ಮಕ್ಕಳು ನಿದ್ದೆ ಹೋಗಿರುತ್ತವೆ. ಹೇಗಿದ್ದೀಯ, ಊಟವಾಯಿತೇ, ಪರೀಕ್ಷೆ ಯಾವಾಗ — ಈ ಮೂರು ಮಾತಿನಲ್ಲಿ ಕರೆ ಮುಗಿಯುತ್ತದೆ. ಫೋಟೋ ಹಾಕಿ ಹೆಮ್ಮೆಪಡೋಣವೆಂದರೆ ಅದಕ್ಕೂ ಕಟ್ಟು: 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ತನ್ನವರಿಗೆ ಆಜ್ಞೆ ಮಾಡಿತು. ಮನೆಯವರೂ ತಂದೆಯ ದಳ, ನೆಲೆ, ಸಂಚಾರದ ವಿವರಗಳನ್ನು ಎಲ್ಲಿಯೂ ಹಾಕಬಾರದೆಂಬುದನ್ನು ಮಕ್ಕಳಿಗೆ ತಿಳಿಹೇಳಬೇಕು.

ಹಿಂದೆ ಉಳಿದ ಹೆಣ್ಣುಮಗಳ ಹೆಗಲ ಮೇಲೆ ಬೀಳುವ ಭಾರಗಳಲ್ಲಿ ನಮ್ಮ ಕಡೆ ಅತಿ ದೊಡ್ಡದು ಜಮೀನು. ಸಿಪ್ಕಾಟ್ ಬಂದ ಮೇಲೆ, ಹೊಸೂರು ಮಹಾನಗರವಾದ ಮೇಲೆ, ಇಲ್ಲಿ ಗುಂಟೆ ಗುಂಟೆಗೂ ವ್ಯಾಜ್ಯ. ಯಜಮಾನ ಹೊರದೇಶದಲ್ಲಿರುವಾಗ ದಾಯಾದಿಗಳು ನ್ಯಾಯಾಲಯದ ಮೆಟ್ಟಿಲೇರಿದರೆ ಗತಿಯೇನು? ಇದಕ್ಕೆಂದೇ 1925ರಷ್ಟು ಹಿಂದೆಯೇ ಭಾರತೀಯ ಸೈನಿಕರ ವ್ಯಾಜ್ಯಗಳ ಕಾಯ್ದೆ ಬಂದಿದೆ. ಇದನ್ನು ತಿಳಿದವರು ವಿರಳ. ಸೈನಿಕನು ಯುದ್ಧದ ಸನ್ನಿವೇಶದಲ್ಲಿ ಅಥವಾ ಸಮುದ್ರದಾಚೆ ಸೇವೆಯಲ್ಲಿದ್ದು, ಅವನ ಪರವಾಗಿ ನಿಲ್ಲಲು ಅಧಿಕಾರ ಪಡೆದವರು ಯಾರೂ ಇಲ್ಲದಿದ್ದರೆ, ಕಾಯ್ದೆ ಹೇಳುವ ಕ್ರಮದಂತೆ ವಿಚಾರಣೆಯನ್ನು ತಡೆಹಿಡಿಸಬಹುದು. ಅವನ ಗೈರುಹಾಜರಿಯಲ್ಲಿ ಆದ ತೀರ್ಪನ್ನು ರದ್ದುಮಾಡಿಸಲು ಕೇಳಿಕೊಳ್ಳಬಹುದು. ಆ ಸೇವೆಯ ಅವಧಿಯನ್ನು ದಾವೆಯ ಗಡುವಿನ ಲೆಕ್ಕದಿಂದ ಬಿಡಿಸಬಹುದು. ಕೃಷ್ಣಗಿರಿಯಲ್ಲಿರುವ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ಹೋಗಲು ಅಂಜಬೇಕಾಗಿಲ್ಲ. ಹೆಸರಿನಲ್ಲಿ ‘ಮಾಜಿ’ ಎಂದಿದ್ದರೂ ಸೇವೆಯಲ್ಲಿರುವವರ ಕುಟುಂಬಗಳ ಅಹವಾಲುಗಳನ್ನೂ ಅದು ಕೇಳಬೇಕು. ಹೊರಡುವ ಮೊದಲು ಪತ್ನಿಯ ಹೆಸರಿಗೆ ಒಂದು ಅಧಿಕಾರಪತ್ರವನ್ನು ನೋಂದಣಿ ಮಾಡಿಸಿ, ಪಟ್ಟಾ, ಚಿಟ್ಟಾ, ತೆರಿಗೆ ರಸೀದಿಗಳ ಪ್ರತಿಗಳನ್ನು ಆಕೆಯ ಕೈಗೆ ಕೊಟ್ಟು ಹೋದರೆ ಇನ್ನೂ ಮೇಲು. “ಹೆಂಗಸರಿಗೆ ಇದೆಲ್ಲ ಯಾಕೆ” ಎನ್ನುವ ಗಂಡಸರು ಇನ್ನೂ ನಮ್ಮಲ್ಲಿದ್ದಾರೆ. ವಿಎಒ ಕಚೇರಿಯ ಮುಂದೆ ಬಿಸಿಲಲ್ಲಿ ನಿಲ್ಲುವವಳು ಆಕೆಯೇ ಎಂಬುದನ್ನು ಅವರು ಮರೆಯುತ್ತಾರೆ.

ಮತದಾನದ ಮಾತು ಚಿಕ್ಕದು. ಸೇವಾ ಮತದಾರನಾಗಿ ಹೆಸರು ನೋಂದಾಯಿಸಿದ ಸೈನಿಕನು ಅಂಚೆಯ ಮೂಲಕವೋ, 2003ರಿಂದ ದೊರೆತಿರುವ ಅವಕಾಶದಂತೆ ತನ್ನ ಪರವಾಗಿ ಊರಿನಲ್ಲಿ ಒಬ್ಬರನ್ನು ನೇಮಿಸಿಯೋ ಮತ ಹಾಕಬಹುದು.

ಇನ್ನು ಭೂತಾನ. ಹೋದವರು ಮೊದಲು ಹೇಳುವುದು ಅಡುಗೆಯ ಕಷ್ಟ. ಹಾ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಗಲ್ಲ, ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಎಸರು ಮರಳುತ್ತಿದ್ದರೂ ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಸಂಸಾರವಿಲ್ಲ. ಏಳನೆಯ ತರಗತಿಯ ವಿಜ್ಞಾನವನ್ನು ಅಡುಗೆಮನೆಯೇ ಪಾಠ ಹೇಳುತ್ತದೆ. ರಾಗಿಹಿಟ್ಟನ್ನು ಊರಿನಿಂದಲೇ ಕಟ್ಟಿಕೊಂಡು ಹೋಗಬೇಕು. ಬೆಂಗಳೂರಿನಿಂದ ನ್ಯೂ ಜಲಪಾಯಿಗುಡಿಗೆ ರೈಲಿನಲ್ಲಿ ಎರಡು ದಿನದ ಹತ್ತಿರ, ಅಲ್ಲಿಂದ ಬೆಟ್ಟದ ದಾರಿ. ಒಳ್ಳೆಯದೂ ಉಂಟು: ನಮ್ಮ ರೂಪಾಯಿ ಅಲ್ಲಿ ಚಲಾವಣೆಯಲ್ಲಿದೆ, ಗಡಿಯಾರ ಅರ್ಧ ಗಂಟೆಯಷ್ಟೇ ಮುಂದೆ, ಜನ ಸೌಮ್ಯರು. ನೆರೆಮನೆಯಲ್ಲಿ ಪಂಜಾಬಿನವರು, ಎದುರುಮನೆಯಲ್ಲಿ ಕೇರಳದವರು; ಹೆಂಗಸರ ಕೂಟಗಳಲ್ಲಿ ಎಲ್ಲರ ನಡುವಿನ ಭಾಷೆ ಹಿಂದಿ. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 1968ರಿಂದ ಹಿಂದಿ ಇಲ್ಲ. ಆದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಆರು ತಿಂಗಳು ಮೌನವೇ ಗತಿ.

ಈಗ ಮಗಳ ಓದು. ಭೂತಾನದ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ, ಜತೆಗೆ ಜೋಂಗ್‌ಖಾ ಕಡ್ಡಾಯ. ಅದರ ಲಿಪಿ ಟಿಬೆಟ್ಟಿನದು. ಶಾಲೆಯ ವರ್ಷ ಫೆಬ್ರವರಿಯ ಸುಮಾರಿಗೆ ಮೊದಲಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ, ನಮ್ಮದು ಜೂನ್‌ನಲ್ಲಿ ಮೊದಲು. ಹೋಗುವಾಗಲೂ ಬರುವಾಗಲೂ ಅರ್ಧ ವರ್ಷ ಕೈಬಿಡಬಹುದು. ವರ್ಗವಾಗುತ್ತಲೇ ಇರುವವರ ಮಕ್ಕಳಿಗೆಂದು 1963ರಲ್ಲಿ ಇಪ್ಪತ್ತು ರೆಜಿಮೆಂಟ್ ಶಾಲೆಗಳನ್ನು ಸೇರಿಸಿಕೊಂಡು ಹುಟ್ಟಿದ ಕೇಂದ್ರೀಯ ವಿದ್ಯಾಲಯಗಳು ಹೊರದೇಶದಲ್ಲಿರುವುದು ಕಾಠ್ಮಂಡು, ಮಾಸ್ಕೋ, ತೆಹರಾನ್‌ಗಳಲ್ಲಿ ಮಾತ್ರ, ಭೂತಾನದಲ್ಲಿಲ್ಲ. ಹಿಂದಿರುಗಿ ಬಂದ ಮೇಲೆ 2006ರ ತಮಿಳು ಕಲಿಕೆ ಕಾಯ್ದೆಯ ದೆಸೆಯಿಂದ ತಮಿಳಿನ ಪ್ರಶ್ನೆಯೂ ಎದುರಾಗುತ್ತದೆ. ಅಲ್ಪಸಂಖ್ಯಾತ ಭಾಷೆಯ ನಮ್ಮ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗಾಗಿ ಎಷ್ಟು ಸಲ ನ್ಯಾಯಾಲಯದ ಕಡೆ ಮುಖಮಾಡಬೇಕಾಯಿತೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಮಗಳನ್ನು ಇಲ್ಲಿಯೇ ಬಿಡುವುದು ಜಾಣತನವೆಂದು ತೋರುತ್ತದೆ. ಆದರೂ ನನ್ನ ಮನಸ್ಸು ಆ ಕಡೆ ವಾಲುವುದಿಲ್ಲ. ಎಂಟೊಂಬತ್ತು ವರ್ಷದ ಮಗು ತಂದೆಯೊಡನೆ ಇರಲು ದೊರೆಯುವ ಎರಡು ವರ್ಷ, ಅವರ ಮುಂದಿನ ವರ್ಗ ಕಾಂಗೋವಿಗೋ ಗಡಿಯ ಹಿಮಕ್ಕೋ ಆದರೆ, ಮತ್ತೆ ದೊರೆಯುವ ಭರವಸೆಯಿಲ್ಲ. ನಾಲ್ಕನೆಯ ತರಗತಿಯ ಮಗುವಿಗೆ ಅಕ್ಷರ, ಒತ್ತು, ಗುಣಿತ ಎಲ್ಲವೂ ಬಂದಿರುತ್ತವೆ. ಬಂದದ್ದನ್ನು ಉಳಿಸಿಕೊಳ್ಳುವುದು ಹೊಸದಾಗಿ ಕಲಿಯುವುದಕ್ಕಿಂತ ಸುಲಭ. ಹಾಗಲ್ಲದೆ ಒಂದನೆಯ ತರಗತಿಯ ಮಗುವಾಗಿದ್ದರೆ, ಇಲ್ಲವೇ ಹತ್ತನೆಯ ತರಗತಿ ಹತ್ತಿರದಲ್ಲಿದ್ದರೆ, ಬೇರೆ ಮಾತು ಹೇಳುತ್ತಿದ್ದೆ.

ಆ ತಾಯಿಗೆ ನಾನು ಹೇಳಿದ್ದಿಷ್ಟು: ನಾಲ್ಕು ಮತ್ತು ಐದನೆಯ ತರಗತಿಯ ಕನ್ನಡ ಪಠ್ಯಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ರಾಗಿಹಿಟ್ಟಿನ ಜತೆಗೇ ಇಡಿ. ವರ್ಗಾವಣೆ ಪತ್ರದಲ್ಲಿ ಬೋಧನಾ ಮಾಧ್ಯಮ ಕನ್ನಡವೆಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಿಂದಿರುಗಿದಾಗ ಅದು ಬೇಕಾದೀತು. ಪ್ರತಿ ಭಾನುವಾರ ಮಗಳು ಅಜ್ಜಿಗೆ ಒಂದು ಪುಟದ ಕಾಗದ ಬರೆಯಲಿ, ಕನ್ನಡದಲ್ಲಿ, ಕೈಯಿಂದ. ಫೋನಿನಲ್ಲಿ ಆಡಿದ ಮಾತಿಗೆ ಲಿಪಿ ಬೇಕಿಲ್ಲ, ಕಾಗದಕ್ಕೆ ಬೇಕು. ಅಜ್ಜಿಗೆ ಓದು ಬಾರದು ಎಂದರು. ನೆರೆಮನೆಯ ಐದನೆಯ ತರಗತಿಯ ಹುಡುಗ ಓದಿ ಹೇಳುತ್ತಾನೆ, ಅವನೇ ಉತ್ತರವನ್ನೂ ಬರೆದುಕೊಡುತ್ತಾನೆ ಎಂದು ಒಪ್ಪಿಸಿದ್ದೇವೆ. ವಿಳಾಸವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕು; ಸಂಖ್ಯೆ, ದರ್ಜೆ, ಹೆಸರು, ದಳ, 99 ಎಪಿಒ. ಅದನ್ನು ಹುಡುಗ ಆಗಲೇ ತನ್ನ ಪುಸ್ತಕದ ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡಿದ್ದಾನೆ.