ಓದುತ್ತಿರುವವರು ಯಾರು?

ಈಚೆಗೆ ರಾಮನಾಥಪುರದ ಸಮೀಪದ ಮನೆಯೊಂದಕ್ಕೆ ಭೇಟಿಯಿತ್ತಿದ್ದೆ. ಕಣ್ಣು ಮಂಜಾಗಿರುವ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು, ಮೊಮ್ಮಗ ಕೈಗಿತ್ತು ಹೋದ ಮೊಬೈಲನ್ನು ಕಿವಿಗೆ ಹಿಡಿದಿದ್ದರು. ಕಂಪ್ಯೂಟರ್ ಸೃಷ್ಟಿಸಿದ ಧ್ವನಿಯೊಂದು ಪತ್ರಿಕೆಯ ಸುದ್ದಿಗಳನ್ನು ಓದುತ್ತಿತ್ತು. ತಂಬಾಕು ಹರಾಜಿನ ದರ ಬಂದಾಗ ಅವರು, "ಎಷ್ಟಂತಪ್ಪಾ? ಇನ್ನೊಂದ್ಸಲ ಓದು" ಎಂದರು. ಧ್ವನಿ ನಿಲ್ಲಲಿಲ್ಲ. ಅದೇ ರಾಗದಲ್ಲಿ ಮುಂದಿನ ಅಪಘಾತದ ಸುದ್ದಿಗೆ ಸಾಗಿತು.

"ಯಂತ್ರ ಓದಿದರೇನು, ಮನುಷ್ಯ ಓದಿದರೇನು? ಸುದ್ದಿ ಕಿವಿಗೆ ಬಿದ್ದರೆ ಸಾಲದೇ?" ಎಂದು ವಿದ್ಯಾವಂತರೇ ಕೇಳುತ್ತಿದ್ದಾರೆ. ಸಾಲದು ಎಂಬುದೇ ನನ್ನ ವಾದ.

ದೃಷ್ಟಿಹೀನ ವಿದ್ಯಾರ್ಥಿಗಳು ಯಾರ ಹಂಗೂ ಇಲ್ಲದೆ ಪತ್ರಿಕೆ, ಪುಸ್ತಕಗಳನ್ನು ಅರಿಯುವಂತಾದುದು ಈ ತಂತ್ರಜ್ಞಾನದಿಂದಲೇ. ಅದನ್ನು ಹಳಿಯುವವನು ಕೃತಘ್ನ. ನನ್ನ ಆಕ್ಷೇಪವಿರುವುದು ಯಂತ್ರವನ್ನು ನಮ್ಮ ಸ್ಥಾನದಲ್ಲಿ ಕೂರಿಸಿ ಕೈತೊಳೆದುಕೊಳ್ಳುವ ನಮ್ಮ ಬಗೆಗೆ.

1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದು 'ಆಕಾಶವಾಣಿ' ಎನಿಸಿತು. ಆಕಾಶದಿಂದ ಕೇಳಿಬಂದರೂ ಆ ವಾಣಿಗೆ ಒಡೆಯರಿದ್ದರು. ಬಾನುಲಿ ವಾರ್ತೆಯಲ್ಲಿ "ಓದುತ್ತಿರುವವರು" ಎಂದು ಹೆಸರು ಹೇಳುವ ಸಂಪ್ರದಾಯವಿದೆ. ಆ ಹೆಸರು ಹೊಣೆಗಾರಿಕೆಯ ರುಜು. 2023ರ ಜುಲೈನಲ್ಲಿ ಪವರ್ ಟಿವಿ ಕನ್ನಡ ವಾಹಿನಿಯು 'ಸೌಂದರ್ಯ' ಎಂಬ ಕೃತಕ ಬುದ್ಧಿಮತ್ತೆಯ ವಾರ್ತಾವಾಚಕಿಯನ್ನು ಪರಿಚಯಿಸಿತು. ಹೆಸರಿದೆ, ಮುಖವಿದೆ, ತಪ್ಪು ಓದಿದೆನೆಂದು ನಾಚುವ ವ್ಯಕ್ತಿ ಮಾತ್ರ ಇಲ್ಲ.

ಯಂತ್ರದ ಕನ್ನಡ ದಿನೇ ದಿನೇ ಸುಧಾರಿಸುತ್ತಿದೆ. ನಾಳೆ ಅದು ಗದ್ಗದವನ್ನೂ ಬೆರೆಸಿ ಓದೀತು. ಆದರೆ ಹಾರಂಗಿಯಿಂದ ನೀರು ಬಿಟ್ಟಿದ್ದಾರೆ, ಕಾವೇರಿ ಏರುತ್ತಿದೆ ಎಂಬ ಸುದ್ದಿಯನ್ನು ಮನೆಮಗಳು ಓದಿದರೆ ಓದು ಅರ್ಧಕ್ಕೇ ನಿಲ್ಲುತ್ತದೆ. ಆಕೆ ಎದ್ದು ಹೊಳೆಯ ಕಡೆ ನೋಡುತ್ತಾಳೆ, ದನಗಳ ಹಗ್ಗ ಬಿಚ್ಚುತ್ತಾಳೆ. ಯಂತ್ರವಾದರೋ ಪೂರ್ತಿ ಓದಿ ಮುಗಿಸುತ್ತದೆ.

ಭಾನುವಾರದ ಬಲಿಪೂಜೆಯಲ್ಲಿ ವಾಚನಪೀಠದ ಮೇಲೆ ಮೊಬೈಲಿಟ್ಟು ಮೊದಲ ವಾಚನವನ್ನು ಓದಿಸಲು ನಾವು ಒಪ್ಪುತ್ತೇವೆಯೇ? ತಡವರಿಸಿದರೂ ನಮ್ಮ ಹುಡುಗಿಯೇ ಓದಲಿ ಎನ್ನುತ್ತೇವೆ. ದೇವಾಲಯದಲ್ಲಿ ಸಲ್ಲದ್ದು ಜಗಲಿಯಲ್ಲಿ ಸಲ್ಲುವುದು ಹೇಗೆ? ಪೋಪ್ 14ನೆಯ ಲಿಯೋರವರು 2026ರ ವಿಶ್ವ ಸಂವಹನ ದಿನಕ್ಕೆ ಮಾನವರ ಧ್ವನಿ ಹಾಗೂ ಮುಖಗಳ ಸಂರಕ್ಷಣೆಯನ್ನೇ ವಿಷಯವಾಗಿ ಆರಿಸಿದ್ದು ಸುಮ್ಮನೆ ಅಲ್ಲ.

ಅಂದು ನಾನು ಮೊಬೈಲನ್ನು ಪಡೆದು ದರವನ್ನು ಎರಡು ಸಲ ಓದಿ ಹೇಳಿದೆ. ನಾಲ್ಕು ಸಾಲಿನ ಸುದ್ದಿಗೆ ಅರ್ಧ ಗಂಟೆ ಹಿಡಿಯಿತು. ಮಿಕ್ಕದ್ದೆಲ್ಲ ಅವರ ಮಾತು: ಮಳೆ, ಸಾಲ, ಮೊಮ್ಮಗನ ಓದು. ಆ ಮಾತುಗಳನ್ನು ಕೇಳುವವರು ಬೇಕೆಂದೇ ಅವರು ಸುದ್ದಿಗಾಗಿ ಕಾಯುತ್ತಿದ್ದರೇನೋ!

ಪ್ರಿಯ ಹೆತ್ತವರೇ, ದಿನಕ್ಕೆ ಹತ್ತು ನಿಮಿಷ ಅಜ್ಜ ಅಜ್ಜಿಯರಿಗೆ ಪತ್ರಿಕೆ ಓದಿ ಹೇಳಲು ನಿಮ್ಮ ಮಕ್ಕಳನ್ನು ಕೂರಿಸಿರಿ. ತಪ್ಪಿ ಓದಲಿ, ಚಿಂತೆಯಿಲ್ಲ. "ಇನ್ನೊಂದ್ಸಲ ಓದು" ಎಂದಾಗ ನಿಲ್ಲುವವರೊಬ್ಬರು ಮನೆಯಲ್ಲಿರಲಿ.