ಹಳೆಯ ಫೋನು, ಹೊಸ ಬೀಗ

ಆಪಲ್ ಸಂಸ್ಥೆಯು ತನ್ನ ಐಕ್ಲೌಡ್ ಸಂಗ್ರಹಕ್ಕೆ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಎಂಬ ಬಲವತ್ತರವಾದ ಗೂಢಲಿಪಿಯ ರಕ್ಷಣೆಯನ್ನು 2022ರ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿಯೂ, 2023ರ ಆರಂಭದಲ್ಲಿ ಇತರ ದೇಶಗಳಲ್ಲಿಯೂ ಒದಗಿಸಿತು. ಇದನ್ನು ಸ್ವೀಕರಿಸಿದವರ ಚಿತ್ರಗಳು, ಟಿಪ್ಪಣಿಗಳು, ಫೋನಿನ ಬ್ಯಾಕಪ್ ಇವುಗಳ ಕೀಲಿಯು ಸಂಸ್ಥೆಯ ವಶದಲ್ಲಿರದೆ ಒಡೆಯನ ಉಪಕರಣಗಳಲ್ಲಿಯೇ ಇರುತ್ತದೆ. ಸಂಗ್ರಹಕ್ಕೆ ಕನ್ನ ಬಿದ್ದರೂ ಕಳ್ಳನಿಗೆ ಓದಲು ಏನೂ ದೊರೆಯದು. ಆದರೆ ಒಂದು ನಿರ್ಬಂಧವುಂಟು. ಆ ಖಾತೆಯಲ್ಲಿರುವ ಪ್ರತಿಯೊಂದು ಫೋನೂ ಐಓಎಸ್ 16.2 ಅಥವಾ ಅದರ ಮುಂದಿನ ತಂತ್ರಾಂಶವನ್ನು ಹೊಂದಿರಬೇಕು. 2016ರಲ್ಲಿ ಬಂದ ಐಫೋನ್ 7 ಐಓಎಸ್ 15ನ್ನು ದಾಟಲಾರದು. ಅಂತಹದೊಂದು ಖಾತೆಯಲ್ಲಿದ್ದರೆ, ಅದನ್ನು ಹೊರಹಾಕುವ ತನಕ ಹೊಸ ಬೀಗ ಬೀಳುವುದಿಲ್ಲ.

ಮುಂಬಯಿಯಲ್ಲಿ ದುಡಿಯುವ ಮಗನು ಹೊಸ ಫೋನು ಕೊಂಡು, ಹಳೆಯದನ್ನು ಊರಿನಲ್ಲಿರುವ ತಾಯಿಗೆ ಕಳುಹಿಸುವುದುಂಟು. ಮೊಮ್ಮಕ್ಕಳ ಚಿತ್ರಗಳು ತಾವಾಗಿ ಅಲ್ಲಿಗೂ ತಲುಪಲೆಂದು ಖಾತೆಯನ್ನು ಬದಲಿಸಿರುವುದಿಲ್ಲ. ಈ ನಿರ್ಬಂಧವು ತಟ್ಟುವುದು ಅಂತಹ ಮನೆಗಳಿಗೆ.

ನಿರ್ಬಂಧಕ್ಕೆ ಕಾರಣವಿಲ್ಲದಿಲ್ಲ. ಹಳೆಯ ತಂತ್ರಾಂಶವು ಸಂಸ್ಥೆಯ ಬಳಿ ಕೀಲಿಯಿಲ್ಲದುದನ್ನು ಕಂಡು, ಏನೋ ಕೆಟ್ಟಿದೆಯೆಂದು ಬಗೆದು, ಅದನ್ನು ಪುನಃ ಅಲ್ಲಿಗೇ ಒಪ್ಪಿಸಿಬಿಡಬಹುದು. ಯಜಮಾನನು ಬೇಕೆಂದೇ ತೆಗೆದಿರಿಸಿದ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಹುಡುಕಿ ತಂದು ಮೊದಲಿನ ಮೊಳೆಗೇ ತೂಗುಹಾಕುವ ಹಳೆಯ ಮಾಣಿಯಂತೆ! ಅವನ ನಿಷ್ಠೆಗೆ ಕೊರತೆಯಿಲ್ಲ, ನಿಜ.

ಇಷ್ಟಾದರೂ ಸಂಸ್ಥೆಯನ್ನು ನಾವು ಪೂರ್ಣವಾಗಿ ಸಮರ್ಥಿಸಲಾರೆವು. ಅದೇ ಐಓಎಸ್ 15ಕ್ಕೆ 2024ರಲ್ಲಿಯೂ 2025ರಲ್ಲಿಯೂ ಅದು ಭದ್ರತೆಯ ತಿದ್ದುಪಡಿಗಳನ್ನು ಕಳುಹಿಸಿದೆ. ಕೀಲಿಯನ್ನು ಮರಳಿ ಒಪ್ಪಿಸಬಾರದೆಂಬ ಬುದ್ಧಿಯನ್ನೂ ಅವುಗಳೊಡನೆ ಕಲಿಸಬಾರದಿತ್ತೇ? ಹೊಸದನ್ನು ಕೊಳ್ಳಲಾರದವರಿಗೂ ಗುಟ್ಟುಗಳಿರುತ್ತವೆ.

ಹಾಗೆಂದು ವಾಚಕರು ರಕ್ಷಣೆಯನ್ನು ಕೈಬಿಡುವುದಾಗಲಿ, ಗಟ್ಟಿಮುಟ್ಟಾದ ಫೋನನ್ನು ಗುಜರಿಗೆ ಹಾಕುವುದಾಗಲಿ ಬೇಡ. ತಾಯಿಯ ಫೋನಿಗೆ ತಾಯಿಯ ಹೆಸರಿನಲ್ಲಿಯೇ ಬೇರೆ ಖಾತೆ ತೆರೆದರಾಯಿತು. ಮೊಮ್ಮಕ್ಕಳ ಚಿತ್ರಗಳನ್ನು ಮಗನೇ ಕೈಯಾರೆ ಕಳುಹಿಸಬೇಕಾದೀತು. ಅಷ್ಟು ಶ್ರಮ ಸಲ್ಲದೇ? ಹಳೆಯ ಖಾತೆಯಿಂದ ಹೊರಬರುವ ಮುನ್ನ, ಆ ಫೋನಿನಲ್ಲಿ ಮಾತ್ರ ಉಳಿದಿರುವ ಚಿತ್ರಗಳನ್ನು ಬೇರೆಡೆ ಪ್ರತಿಮಾಡಿಕೊಳ್ಳತಕ್ಕದ್ದು. ಹೊಸ ರಕ್ಷಣೆಗೆ ನಂಬಿಕೆಯ ವ್ಯಕ್ತಿಯೊಬ್ಬರನ್ನು ಸೂಚಿಸಬೇಕು, ಇಲ್ಲವೆ 28 ಅಕ್ಷರಗಳ ಮರುಪ್ರಾಪ್ತಿ ಕೀಲಿಯನ್ನು ಪಡೆಯಬೇಕು. ಅದನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆಯಲ್ಲಿಡಿರಿ, ಫೋನಿನೊಳಗಲ್ಲ. ಎಲ್ಲವನ್ನೂ ಕಳೆದುಕೊಂಡವನ ಚಿತ್ರಗಳನ್ನು ಆಪಲ್ ಸಂಸ್ಥೆಯೂ ತೆರೆದುಕೊಡಲಾರದು.