ಗುಬ್ಬಿಯ ಲೆಕ್ಕ ಎಲ್ಲಿ?

“ಹೆತ್ತ ಮಕ್ಕಳೆಷ್ಟು? ಉಳಿದವೆಷ್ಟು?” ಮನೆಮನೆಗೆ ಹೋಗಿ ತಾಯಂದಿರನ್ನು ಇಷ್ಟು ಕೇಳಿ, ಅವರ ವಯಸ್ಸನ್ನು ಬರೆದುಕೊಂಡರೆ ಒಂದು ಸೀಮೆಯ ಮಕ್ಕಳ ಸಾವಿನ ಪ್ರಮಾಣವನ್ನು ಅಂದಾಜು ಮಾಡಬಹುದೆಂದು ವಿಲಿಯಂ ಬ್ರಾಸ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮುಂಚೆ, 1951-52ರಲ್ಲಿ, ನಮ್ಮ ಹಳೆಯ ಮೈಸೂರು ರಾಜ್ಯದಲ್ಲೇ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮನೆಮನೆಯ ಜನಸಂಖ್ಯಾ ಸಮೀಕ್ಷೆ ನಡೆಸಿದ್ದುವು.

ಈಗಿನ ಲೆಕ್ಕವೇನು? ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ಕರ್ನಾಟಕದಲ್ಲಿ 65 ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಹೇಳಿತ್ತು. 2019-20ರಲ್ಲಿ ಅದು 25ಕ್ಕೆ ಇಳಿದಿತ್ತು. ಇಳಿದದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇದು ಇಡೀ ರಾಜ್ಯದ ಸರಾಸರಿ. ತುಮಕೂರು ಜಿಲ್ಲೆಯ ಅಂಕಿಪಟ್ಟಿಯಲ್ಲಿ ಲಸಿಕೆಯ ಲೆಕ್ಕವುಂಟು, ಹೆರಿಗೆಯ ಲೆಕ್ಕವುಂಟು, ಶಿಶುಮರಣದ ಲೆಕ್ಕವಿಲ್ಲ! ಜಿಲ್ಲೆಗೆ ಸರಾಸರಿ ಸಾವಿರಕ್ಕೂ ಕಡಿಮೆ ಮನೆಗಳನ್ನು ಕೇಳಿದರೆ ಅಷ್ಟರ ಮೇಲೆ ಸಾವಿನ ಲೆಕ್ಕ ನಿಲ್ಲದು. ಜಿಲ್ಲೆಗೇ ಇಲ್ಲದ್ದು ಗುಬ್ಬಿಗೆಲ್ಲಿ, ಕುಣಿಗಲಿಗೆಲ್ಲಿ? ಹತ್ತು ಅಂಗಡಿಗಳ ವಹಿವಾಟನ್ನು ಒಂದೇ ಖಾತೆಗೆ ಬರೆದರೆ ನಷ್ಟದ ಅಂಗಡಿ ಯಾವುದೆಂದು ತಿಳಿಯುವುದೇ? ಮಂಡಿಪೇಟೆಯ ವರ್ತಕರನ್ನು ಕೇಳಿರಿ.

ತಾಯಿಯೇ ಇಲ್ಲದಿದ್ದರೆ ಕೇಳುವುದು ಯಾರನ್ನು? 2022ರ ನವೆಂಬರಿನಲ್ಲಿ ತುಮಕೂರಿನಲ್ಲೇ ಒಬ್ಬ ಬಡ ಗರ್ಭಿಣಿ ಮನೆಯಲ್ಲೇ ಹೆತ್ತು ಸತ್ತಳು. ಅವಳಿ ಕೂಸುಗಳೂ ಉಳಿಯಲಿಲ್ಲ. ತಾಯಿ ಕಾರ್ಡಿಲ್ಲವೆಂದು ಆಸ್ಪತ್ರೆಯಿಂದ ಹಿಂದಕ್ಕೆ ಕಳಿಸಿದರೆಂಬ ದೂರಿನ ಮೇಲೆ ವೈದ್ಯರೂ ನರ್ಸುಗಳೂ ಅಮಾನತಾದರು. ಬದುಕಿರುವ ತಾಯಂದಿರನ್ನು ಕೇಳಿ ಬರೆಯುವ ಯಾವ ಪಟ್ಟಿಗೂ ಆ ಕೂಸುಗಳು ಸೇರಲಾರವು. ಇನ್ನು, ಹುಟ್ಟಿದ ದಿನವೇ ಕಣ್ಣು ಮುಚ್ಚಿದ ಕೂಸಿನ ಮಾತನ್ನು, ಅತ್ತೆ ಬಾಗಿಲಲ್ಲಿ ನಿಂತಿರುವಾಗ, ಗುರುತಿಲ್ಲದವರ ಮುಂದೆ ಯಾವ ಹೆಂಗಸು ಎತ್ತುತ್ತಾಳೆ? ಗಾರ್ಮೆಂಟಿಗೆ ಹೋದವಳಂತೂ ಹಗಲು ಮನೆಯಲ್ಲೇ ಸಿಗುವುದಿಲ್ಲ.

1981ರಿಂದ ಜನಗಣತಿಯಲ್ಲಿಯೂ ಇದೇ ಪ್ರಶ್ನೆ ಕೇಳಿದ್ದಾರೆ. ಜಿಲ್ಲಾವಾರು ಅಂದಾಜಿಗೆ ಅದು ಆಧಾರ. 2021ರ ಗಣತಿ ನಡೆಯಲಿಲ್ಲ, 2027ಕ್ಕೆಂದು ಸಾರಿದ್ದಾರೆ. ನಾವು ಕೇಳುವುದಿಷ್ಟು: ಆ ಪ್ರಶ್ನೆಯನ್ನು ಕೈಬಿಡಬಾರದು. ದುಡಿಯುವ ಹೆಂಗಸರ ಮನೆಗೆ ಸಂಜೆ ಹೋಗಬೇಕು. ಗುಬ್ಬಿಯದನ್ನು, ಕುಣಿಗಲಿನದನ್ನು ಬೇರೆ ಬೇರೆ ಬಿಡಿಸಿ ಪ್ರಕಟಿಸಬೇಕು. ತಾಯಿಯೂ ಹೋದ ಮನೆಯ ಕೂಸಿನ ಸಾವು 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನದೊಳಗೆ ಪುಸ್ತಕಕ್ಕೆ ಏರಬೇಕು. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು.